ಕಫ ಬಿಳಿಯಾ, ಹಳದಿಯಾ? ಚೀನೀ ವೈದ್ಯರು ನೆಗಡಿ ನೋಡುವ ಬಗೆ

ಸಿಂಗಾಪುರದಲ್ಲಿ ಚೀನೀ ವೈದ್ಯರ ಹತ್ತಿರ ಹೋಗಿ "ನೆಗಡಿ ಆಗಿದೆ" ಅಂದರೆ ಅವರಿಗೆ ಅದು ಅರ್ಧ ಮಾತು. ಯಾವ ನೆಗಡಿ ಅಂತ ತಿಳಿಯಬೇಕು. ಮೂಗಿನಿಂದ ನೀರು ಸೋರುತ್ತಾ, ಗಟ್ಟಿ ಸಿಂಬಳ ಬರುತ್ತಾ? ಕಫ ಬಿಳಿಯಾ, ಹಳದಿಯಾ? ಚಳಿ ಜಾಸ್ತಿನಾ, ಮೈ ಕಾವು ಜಾಸ್ತಿನಾ? ಬೆವರು ಬಂತಾ? ಬಾಯಾರಿಕೆ ಇದೆಯಾ? ಈ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೂ ಅವರು ಔಷಧಿ ಚೀಟಿ ಮುಟ್ಟುವುದಿಲ್ಲ.

ನಾನು ಅರಸೀಕೆರೆಯವಳು. ಮದುವೆಯಾದ ಮೇಲೆ ಸಿಂಗಾಪುರದ ತೋವಾ ಪಾಯೋ ಬಡಾವಣೆಯಲ್ಲಿ, ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಫ್ಲ್ಯಾಟಿನಲ್ಲಿ ವಾಸ. ನಮ್ಮ ಬ್ಲಾಕಿನ ಕೆಳಗಡೆಯೇ ಒಂದು ಚೀನೀ ಔಷಧಿ ಅಂಗಡಿ ಇದೆ. ಲಿಫ್ಟಿನಿಂದ ಇಳಿದರೆ ಸಾಕು, ಒಣಗಿದ ಬೇರು, ತೊಗಟೆಗಳ ವಾಸನೆ ಮೂಗಿಗೆ ಬಡಿಯುತ್ತದೆ. ಇಲ್ಲಿ ನೆಗಡಿ ಆದವರಲ್ಲಿ ತುಂಬಾ ಜನ ಮೊದಲು ಈ ಮೆಟ್ಟಿಲು ಹತ್ತುತ್ತಾರೆ. ನಮ್ಮ ಮನೆಯಲ್ಲೂ ಈಗ ಅದೇ ರೂಢಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೆಗಡಿ ತರುವುದು ವೈರಸ್. ಒಂದಲ್ಲ ಎರಡಲ್ಲ, 200ಕ್ಕೂ ಜಾಸ್ತಿ ಬಗೆಯವು ಇವೆ. ಅದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಏನೂ ಮಾಡದಿದ್ದರೂ ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ವಾಸಿಯಾಗುತ್ತದೆ. ಚೀನೀ ಕಷಾಯಗಳ ಮೇಲೆ ಪ್ರಯೋಗಗಳು ನಡೆದಿವೆ, ಆದರೆ ಹೆಚ್ಚಿನವು ಸಣ್ಣವು, ಗಟ್ಟಿಯಾಗಿ ಮಾಡಿದವಲ್ಲ. ಹಾಗಾಗಿ ಕಷಾಯ ಕುಡಿದರೆ ನೆಗಡಿ ಇಷ್ಟು ದಿನ ಬೇಗ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ನನಗೆ ಇಷ್ಟವಾದದ್ದು ಆ ವೈದ್ಯರು ನೋಡುವ ರೀತಿ. ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ ಇಬ್ಬರಿಗೆ ನೆಗಡಿ ಬಂದರೂ ಒಬ್ಬರ ಮೈ ಒಂದು ಥರ ನಡೆದುಕೊಳ್ಳುತ್ತದೆ, ಇನ್ನೊಬ್ಬರದು ಇನ್ನೊಂದು ಥರ. ಆ ವ್ಯತ್ಯಾಸಕ್ಕೆ ಅವರು ಕೊಡುವಷ್ಟು ಬೆಲೆ ಬೇರೆಲ್ಲೂ ನಾನು ಕಂಡಿಲ್ಲ.

ಅವರ ಲೆಕ್ಕದಲ್ಲಿ ನೆಗಡಿಗೆ ಮೂಲ ಗಾಳಿ. ಗಾಳಿ ಒಂಟಿಯಾಗಿ ಬರುವುದಿಲ್ಲ, ಚಳಿಯನ್ನೋ ಕಾವನ್ನೋ ಜೊತೆಗೆ ಕರೆದುಕೊಂಡು ಬರುತ್ತದೆ. ಚಳಿಯ ಜೊತೆ ಬಂದರೆ ಅದು ಫೆಂಗ್ ಹಾನ್. ಕಾವಿನ ಜೊತೆ ಬಂದರೆ ಫೆಂಗ್ ರ. ಗಾಳಿ ಮೈಯೊಳಗೆ ನುಗ್ಗುವ ಬಾಗಿಲು ಹಿಂಗತ್ತು ಅಂತ ನಂಬಿಕೆ. ಅದಕ್ಕೇ ಕೂದಲು ಶುರುವಾಗುವ ಜಾಗದಲ್ಲಿ, ಕತ್ತಿನ ಎರಡೂ ಪಕ್ಕ ಇರುವ ಗುಳಿಗಳಿಗೆ ಗಾಳಿಯ ಹೆಸರನ್ನೇ ಇಟ್ಟಿದ್ದಾರೆ. ಅಕ್ಯುಪಂಕ್ಚರ್ ಮಾಡುವವರು ನೆಗಡಿಗೆ ಸೂಜಿ ಚುಚ್ಚುವ ಜಾಗಗಳಲ್ಲಿ ಅದೂ ಒಂದು. ನಮ್ಮ ಪಕ್ಕದ ಮನೆ ಆಂಟಿ ಎಂಬತ್ತರ ಹತ್ತಿರದವರು. ಬಸ್ಸಿನ ಎಸಿಗೆ ಹೆದರಿ ಯಾವಾಗಲೂ ಕತ್ತಿಗೆ ಒಂದು ಹತ್ತಿ ಬಟ್ಟೆ ಸುತ್ತಿಕೊಂಡೇ ಹೋಗುತ್ತಾರೆ. ನಮ್ಮಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಸೆರಗು ಹೊದ್ದು ಬಸ್ಸು ಹತ್ತುತ್ತಿದ್ದದ್ದು ನೆನಪಾಗುತ್ತದೆ, ಅಲ್ವಾ?

ನಮ್ಮನೆಯವರಿಗೆ ಹೋದ ಸಲ ನೆಗಡಿ ಆದಾಗ ನಾನೂ ಜೊತೆಗೆ ಹೋಗಿದ್ದೆ. ಫೋನಿನಲ್ಲಿ ಸಮಯ ಕೇಳಿದಾಗಲೇ ವೈದ್ಯೆ ಒಂದು ಮಾತು ಹೇಳಿದ್ದರು: ಬೆಳಿಗ್ಗೆ ನಾಲಿಗೆ ಹೆರೆಯಬೇಡಿ, ಕಾಫಿ ಕುಡಿದು ಬರಬೇಡಿ. ನಮ್ಮಂಥ ಮನೆಯವರಿಗೆ ಎರಡೂ ಕಷ್ಟ. ಎದ್ದ ತಕ್ಷಣ ನಾಲಿಗೆ ಉಜ್ಜದಿದ್ದರೆ ನಮಗೆ ಮುಖ ತೊಳೆದ ಹಾಗೇ ಅನ್ನಿಸುವುದಿಲ್ಲ. ಆದರೆ ಅವರು ಓದುವುದೇ ಆ ಪದರವನ್ನು. ಹೆರೆದರೆ ಪದರ ಹೋಗುತ್ತದೆ, ಕಾಫಿ ಕುಡಿದರೆ ಬಣ್ಣ ಬದಲಾಗುತ್ತದೆ.

ಕುರ್ಚಿಯಲ್ಲಿ ಕೂರಿಸಿ, ಮಣಿಕಟ್ಟಿನ ಕೆಳಗೆ ಒಂದು ಚಿಕ್ಕ ದಿಂಬು ಇಟ್ಟರು. ಮೂರು ಬೆರಳು ಸಾಲಾಗಿ ನಾಡಿಯ ಮೇಲೆ. ಮೊದಲು ಮೆತ್ತಗೆ, ಆಮೇಲೆ ಒತ್ತಿ, ಮತ್ತೆ ಮೆತ್ತಗೆ. ಒಂದು ಕೈ ಆದ ಮೇಲೆ ಇನ್ನೊಂದು ಕೈ. ಅಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ನೆಗಡಿ ಶುರುವಿನಲ್ಲಿ ನಾಡಿ ಮೇಲೆ ತೇಲುತ್ತದಂತೆ, ಬೆರಳು ಇಟ್ಟ ಕೂಡಲೇ ಸಿಗುತ್ತದೆ, ಒತ್ತಿದರೆ ಕುಗ್ಗುತ್ತದೆ. ರೋಗ ಇನ್ನೂ ಹೊರಗಡೆಯೇ ಇದೆ, ಒಳಗೆ ಇಳಿದಿಲ್ಲ ಅಂತ ಅದರ ಅರ್ಥ. ಆಮೇಲೆ ನಾಲಿಗೆ ಚಾಚಿಸಿ ನೋಡಿದರು. ಬಣ್ಣ ಮಾಮೂಲಾಗಿತ್ತು, ಮೇಲೆ ತೆಳ್ಳಗೆ ಬಿಳಿ ಪದರ.

"ಫ್ಯಾನ್ ಗಾಳಿ ತಾಗಿದರೆ ಹೇಗನ್ನಿಸುತ್ತೆ?" ಅಂತ ಕೇಳಿದರು.

"ಮೈ ಜುಮ್ಮನ್ನುತ್ತೆ. ಆಫ್ ಮಾಡಿಬಿಡೋಣ ಅನ್ಸುತ್ತೆ."

"ಬೆವರು?"

"ಸ್ವಲ್ಪ ಸ್ವಲ್ಪ ಬರ್ತಾನೇ ಇದೆ."

"ಕತ್ತು?"

"ಕತ್ತು, ಬೆನ್ನಿನ ಮೇಲುಭಾಗ ಎಲ್ಲಾ ಹಿಡಕೊಂಡಿದೆ."

ಬೆವರಿನ ಪ್ರಶ್ನೆ ಇಲ್ಲಿ ತುಂಬಾ ಮುಖ್ಯ. ಚಳಿ ಇದ್ದು ಬೆವರೇ ಬರದಿದ್ದರೆ ಬೆವರು ಬಲವಾಗಿ ಬರಿಸುವ ಔಷಧಿ ಬೇರೆ ಇದೆ. ಅದರಲ್ಲಿ ಮಾ ಹುವಾಂಗ್ ಅನ್ನುವ ಗಿಡದ ಕಡ್ಡಿ ಇರುತ್ತದೆ. ಎಫೆಡ್ರಿನ್ ಎಂಬ ಔಷಧಿಯನ್ನು 1885ರಲ್ಲಿ ಜಪಾನಿನ ವಿಜ್ಞಾನಿ ನಾಗಾಯಿ ನಾಗಯೋಶಿ ಬೇರ್ಪಡಿಸಿದ್ದು ಇದರಿಂದಲೇ. ಎದೆ ಬಡಿತ, ರಕ್ತದೊತ್ತಡ ಏರಿಸುವ ಗಿಡ ಅದು. ಬೆವರು ಆಗಲೇ ಬರುತ್ತಿರುವವರಿಗೆ, ಬಿಪಿ ಇರುವವರಿಗೆ ಅದು ಸಲ್ಲದು. ನಮ್ಮನೆಯವರಿಗೆ ಬರೆದುಕೊಟ್ಟದ್ದು ಗ್ವೇ ಝಿ ಥಾಂಗ್ ಅನ್ನುವ ಕಷಾಯ, ಕತ್ತು ಹಿಡಿದದ್ದಕ್ಕೆ ಜೊತೆಗೆ ಕುಡ್ಜು ಬಳ್ಳಿಯ ಬೇರು.

ಗ್ವೇ ಝಿ ಥಾಂಗ್‌ನಲ್ಲಿ ಇರುವುದು ಐದೇ ಸಾಮಾನು. ದಾಲ್ಚಿನ್ನಿ ಜಾತಿಯ ಮರದ ಎಳೆ ಕಡ್ಡಿ, ಬಿಳಿ ಪಿಯೋನಿ ಗಿಡದ ಬೇರು, ಹಸಿ ಶುಂಠಿ, ಕೆಂಪು ಖರ್ಜೂರ, ಹುರಿದ ಜ್ಯೇಷ್ಠಮಧು. ಇಲ್ಲಿ ಕೆಂಪು ಖರ್ಜೂರ ಅಂತ ಮಾರುವುದು ನಿಜವಾಗಿ ನಮ್ಮ ಎಲಚಿ ಹಣ್ಣಿನ ದಾಯಾದಿ. ಪಿಯೋನಿ ಒಂದು ಬಿಟ್ಟರೆ ಉಳಿದದ್ದೆಲ್ಲ ನನ್ನ ಅಜ್ಜಿಗೂ ಹೆಚ್ಚು ಕಡಿಮೆ ಪರಿಚಯವಿದ್ದ ಸಾಮಾನೇ. ಕೌಂಟರಿನ ಹಿಂದೆ ಗೋಡೆ ತುಂಬಾ ಚಿಕ್ಕ ಚಿಕ್ಕ ಡ್ರಾಯರುಗಳು. ಅಂಗಡಿಯವರು ಕಾಗದಗಳನ್ನು ಸಾಲಾಗಿ ಹರಡಿ, ಒಂದು ಕಡ್ಡಿ ತಕ್ಕಡಿಯಲ್ಲಿ ತೂಗಿ, ಪ್ರತಿ ಕಾಗದದ ಮೇಲೂ ಸಮನಾಗಿ ಸುರಿಯುತ್ತಾ ಹೋದರು. ಒಂದು ಕಾಗದದ ಪೊಟ್ಟಣ ಅಂದರೆ ಒಂದು ದಿನದ ಔಷಧಿ.

ಈ ಕಷಾಯ ಸುಮಾರು 1800 ವರ್ಷ ಹಳೆಯದು. ಪೂರ್ವ ಹಾನ್ ರಾಜವಂಶದ ಕೊನೆಗಾಲದಲ್ಲಿ ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯ ಬರೆದ ಶಾಂಗ್ ಹಾನ್ ಲುನ್ ಗ್ರಂಥದಲ್ಲಿ ಇದು ಬರುತ್ತದೆ. ಆ ಗ್ರಂಥದ ಮುನ್ನುಡಿ ಓದಿದರೆ ಹೊಟ್ಟೆ ಕಿವುಚುತ್ತದೆ. ಅವರ ವಂಶದಲ್ಲಿ 200ಕ್ಕೂ ಹೆಚ್ಚು ಜನ ಇದ್ದರು. ಹತ್ತು ವರ್ಷ ತುಂಬುವುದರೊಳಗೆ ಮೂರರಲ್ಲಿ ಎರಡು ಪಾಲು ಜನ ಸತ್ತುಹೋದರು. ಸತ್ತ ಹತ್ತು ಮಂದಿಯಲ್ಲಿ ಏಳು ಮಂದಿಯನ್ನು ಕೊಂದದ್ದು ಚಳಿಯಿಂದ ಶುರುವಾಗುವ ಜ್ವರ. ಆ ದುಃಖದಿಂದ ಎದ್ದು ಬರೆದ ಪುಸ್ತಕ ಅದು. ಅದಕ್ಕೇ ಇರಬೇಕು, ಅದರಲ್ಲಿ ಔಷಧಿಯ ಪಟ್ಟಿಯಷ್ಟೇ ಇಲ್ಲ, ಕುಡಿದ ಮೇಲೆ ರೋಗಿಯನ್ನು ಹೇಗೆ ನೋಡಿಕೊಳ್ಳಬೇಕು ಅಂತಲೂ ಬಿಡಿಸಿ ಹೇಳಿದ್ದಾರೆ. ಕಷಾಯ ಕುಡಿದು ಸ್ವಲ್ಪ ಹೊತ್ತಿಗೆ ಬಿಸಿಬಿಸಿ ತೆಳು ಗಂಜಿ ಕುಡಿಸಿ. ಹೊದಿಕೆ ಹೊದಿಸಿ. ಮೈಯೆಲ್ಲ ಸಣ್ಣಗೆ ಬೆವರಬೇಕು. ನೀರಿನ ಹಾಗೆ ಸುರಿಯುವಷ್ಟು ಬೆವರಿಸಬೇಡಿ, ಹಾಗಾದರೆ ರೋಗ ಹೋಗುವುದಿಲ್ಲ.

ಗಂಜಿ ನಮಗೆ ಹೊಸದಲ್ಲ. ನಾನು ಅಕ್ಕಿ ಹುರಿದು, ತರಿ ಮಾಡಿ, ಉಪ್ಪು ಹಾಕಿ ತೆಳ್ಳಗೆ ಮಾಡಿಕೊಟ್ಟೆ. ವೈದ್ಯೆ ಹೇಳಿದ ಪಥ್ಯದಲ್ಲಿ ಎಣ್ಣೆ ತಿಂಡಿ, ಮಾಂಸ, ಮೊಸರು, ಬೆಳ್ಳುಳ್ಳಿ ಈರುಳ್ಳಿಯಂಥ ಘಾಟು ಯಾವುದೂ ಬೇಡ ಅಂತ ಇತ್ತು. ಹೊದ್ದು ಮಲಗಿ ಎದ್ದಾಗ ಹಣೆ, ಎದೆ ಒದ್ದೆಯಾಗಿತ್ತು. ಕತ್ತು ತಿರುಗಿಸಿ ನೋಡಿ "ಸಡಿಲ ಆಯ್ತು" ಅಂದರು. ಮೂಗು ಇನ್ನೂ ಕಟ್ಟಿಯೇ ಇತ್ತು ಅನ್ನಿ.

ಅದೇ ವಾರ ಮಗನಿಗೂ ಬಂತು. ಅಪ್ಪನಿಂದಲೇ ಅಂಟಿರಬೇಕು. ಆದರೆ ಅವನದು ಬೇರೆಯೇ ಕಥೆ. ಮೊದಲ ದಿನವೇ ಗಂಟಲು ಕೆಂಪಾಗಿ ಎಂಜಲು ನುಂಗುವುದಕ್ಕೂ ಆಗುತ್ತಿರಲಿಲ್ಲ. ಹಣೆ ಬಿಸಿ, ಚಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಣ್ಣೀರು ಬೇಕು ಅಂತ ಹಟ. ಸಿಂಬಳ ಹಳದಿ, ಗಟ್ಟಿ. ನಾಲಿಗೆ ತುದಿ ಕೆಂಪಾಗಿತ್ತು. ಹದಿಮೂರರ ಹುಡುಗ, ನಾಲಿಗೆ ತೋರಿಸು ಅಂದರೆ ಮೀಟರ್ ಉದ್ದ ಚಾಚಿದ. ಇದು ಕಾವಿನ ನೆಗಡಿ. ಇದಕ್ಕೆ ದಾಲ್ಚಿನ್ನಿ, ಶುಂಠಿ ಕೊಟ್ಟರೆ ಗಂಟಲು ಇನ್ನೂ ಉರಿಯುತ್ತದೆ ಅಂತ ವೈದ್ಯೆ ಗಟ್ಟಿಯಾಗಿ ಹೇಳಿದರು. ನೆಗಡಿ ಅಂದ ಕೂಡಲೇ ಶುಂಠಿ ಕಷಾಯ ಹಿಡಿದುಕೊಂಡು ಬರುವ ನಮ್ಮ ಕಡೆಯವರೆಲ್ಲ ಕೇಳಬೇಕಾದ ಮಾತು ಇದು.

ಅವನಿಗೆ ಕೊಟ್ಟದ್ದು ಯಿನ್ ಚ್ಯಾವ್ ಸಾನ್ ಅನ್ನುವ ಔಷಧಿ. ಹನಿಸಕಲ್ ಬಳ್ಳಿಯ ಮೊಗ್ಗು, ಫೋರ್ಸಿತಿಯಾ ಕಾಯಿ ಮುಖ್ಯ. ಜೊತೆಗೆ ಪುದೀನ ಜಾತಿಯ ಎಲೆ, ಬರ್ಡಾಕ್ ಬೀಜ, ಜೊಂಡಿನ ಬೇರು, ಇನ್ನೂ ಕೆಲವು. ಇದನ್ನು ಬರೆದವರು ವು ಜುತೊಂಗ್ ಎಂಬ ವೈದ್ಯ, 1798ರ ಹೊತ್ತಿಗೆ. ಅವರ ಸೋದರನ ಮಗ ಗಂಟಲು ಊದಿ ಜ್ವರದಲ್ಲಿ ತೀರಿಕೊಂಡಿದ್ದ. ಹಳೇ ಪುಸ್ತಕದ ಚಳಿ ಔಷಧಿ ಎಲ್ಲ ಜ್ವರಕ್ಕೂ ಆಗುವುದಿಲ್ಲ ಅಂತ ಕಂಡುಕೊಂಡ ವೈದ್ಯರ ಸಾಲಿನಲ್ಲಿ ಅವರು ದೊಡ್ಡವರು. ಕುದಿಸುವುದಕ್ಕೆ ಅವರು ಹೇಳಿದ ನಿಯಮ ನನಗೆ ಬಹಳ ಹಿಡಿಸಿತು. ಘಮ್ಮಂತ ವಾಸನೆ ಬಂದ ಕೂಡಲೇ ಇಳಿಸಿಬಿಡಿ, ಜಾಸ್ತಿ ಕುದಿಸಬೇಡಿ. ಹೂವು, ಎಲೆಯ ಗುಣ ಆವಿಯಲ್ಲೇ ಹೋಗಿಬಿಡುತ್ತದೆ. ಪುದೀನ ಹಾಕುವುದು ಎಲ್ಲದಕ್ಕಿಂತ ಕೊನೆಗೆ. ಒಂದು ಲೋಟಕ್ಕೆ ಕಾಲು ಲೋಟ ಇಳಿಯುವ ತನಕ ಕಷಾಯ ಬತ್ತಿಸಿ ಅಭ್ಯಾಸವಾದ ನನ್ನ ಕೈಗೆ ಇದು ಬೇಗ ಒಗ್ಗಲಿಲ್ಲ. ಪಾತ್ರೆ ಮಣ್ಣಿನದ್ದೋ ಗಾಜಿನದ್ದೋ ಆಗಬೇಕು. ಕಬ್ಬಿಣ, ಅಲ್ಯೂಮಿನಿಯಂ ಬೇಡ.

ಗಂಟಲು ನೋವಿಗೆ ಇಲ್ಲಿ ಸಿಗುವ ಇನ್ನೊಂದು ಮಾತ್ರೆ ಚುವಾನ್ ಶಿನ್ ಲಿಯಾನ್. ಚೀಟಿ ಓದಿ ಹುಡುಕಿದರೆ ಅದು ನಮ್ಮ ನೆಲಬೇವು! ನಮ್ಮೂರ ಕಡೆ ಜ್ವರಕ್ಕೆ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಕಹಿ ಗಿಡ.

ಚಳಿ ನೆಗಡಿ, ಕಾವಿನ ನೆಗಡಿ ಎರಡೂ ಅಲ್ಲದ ಮೂರನೆಯ ಬಗೆ ಒಂದಿದೆ. ಸಿಂಗಾಪುರದಂಥ ಊರಲ್ಲಿ ಹೊರಗೆ ಬಿಸಿ, ತೇವ, ಒಳಗೆ ಎಸಿ. ತಲೆ ಭಾರ, ಮೈ ಜಡ, ಹೊಟ್ಟೆ ತೊಳಸು, ನಾಲಿಗೆ ಮೇಲೆ ದಪ್ಪ ಜಿಡ್ಡು ಪದರ. ಅದಕ್ಕೆ ಪಚೌಲಿ ಎಲೆ ಇರುವ ಹುವೊ ಶಿಯಾಂಗ್ ಝೆಂಗ್ ಚಿ ಅನ್ನುವ ಔಷಧಿ ಕೊಡುತ್ತಾರೆ. ಇದರ ದ್ರವ ರೂಪದ ಒಂದು ಬಗೆಯಲ್ಲಿ ಆಲ್ಕೋಹಾಲ್ ಇರುತ್ತದೆ. ಗಾಡಿ ಓಡಿಸುವವರು, ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವವರು ಅದನ್ನು ಮುಟ್ಟಬಾರದು.

ಈಗ ನನಗೆ ನಿಜಕ್ಕೂ ಚಿಂತೆ ತರುವ ವಿಷಯ. ಚೀನಾದಿಂದ ಬರುವ ಸ್ನೇಹಿತರು ಪ್ರೀತಿಯಿಂದ ಗಾನ್ ಮಾವ್ ಲಿಂಗ್ ಎಂಬ ನೆಗಡಿ ಪುಡಿಯ ಪ್ಯಾಕೆಟ್ ತಂದುಕೊಡುತ್ತಾರೆ. ಬಿಸಿನೀರಿಗೆ ಹಾಕಿ ಕುಡಿದರೆ ಸಿಹಿಯಾಗಿ, ಗಿಡಮೂಲಿಕೆ ವಾಸನೆ ಬರುತ್ತದೆ. ಎಲ್ಲರೂ ಅದನ್ನು ಬರೀ ಸೊಪ್ಪು ಸದೆ ಅಂದುಕೊಳ್ಳುತ್ತಾರೆ. ಅಲ್ಲಿ ತುಂಬಾ ಮಾರಾಟವಾಗುವ ಪ್ಯಾಕೆಟ್ ಒಂದರಲ್ಲಿ 200 ಮಿಲಿಗ್ರಾಂ ಪ್ಯಾರಾಸಿಟಮಾಲ್, 4 ಮಿಲಿಗ್ರಾಂ ಕ್ಲೋರ್‌ಫೆನಿರಮೈನ್ ಎಂಬ ಅಲರ್ಜಿ ಔಷಧಿ, ಸ್ವಲ್ಪ ಕೆಫೀನ್ ಸೇರಿಸಿರುತ್ತಾರೆ. ವಿಟಮಿನ್ ಸಿ ಹೆಸರು ಸೇರಿಸಿಕೊಂಡ ಯಿನ್ ಚ್ಯಾವ್ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇದೆ. ಇದರ ಮೇಲೆ ಜ್ವರ ಅಂತ ಡೋಲೊ 650 (ಅದೂ ಪ್ಯಾರಾಸಿಟಮಾಲೇ) ನುಂಗಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ದೊಡ್ಡವರಿಗೇ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು, ಮೀರಿದರೆ ಲಿವರ್ ಕೆಡುತ್ತದೆ. ಕ್ಲೋರ್‌ಫೆನಿರಮೈನ್ ನಿದ್ದೆ ಬರಿಸುತ್ತದೆ. ಡಬ್ಬದ ಮೇಲೆ ಚೀನೀ ಅಕ್ಷರ ಇದ್ದರೆ ಫೋನಿನ ಕ್ಯಾಮೆರಾದಲ್ಲಿ ಹಿಡಿದು ಓದಿ. ಓದದೆ ಮಕ್ಕಳಿಗೆ ಕೊಡಲೇಬೇಡಿ.

ಜ್ಯೇಷ್ಠಮಧು ಕೂಡ ದಿನಗಟ್ಟಲೆ ಕುಡಿದರೆ ಬಿಪಿ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಎಳೆ ಮಕ್ಕಳ ಅಮ್ಮಂದಿರು ತಮ್ಮ ಡಾಕ್ಟರನ್ನು ಕೇಳದೆ ಯಾವುದನ್ನೂ ಶುರು ಮಾಡಬೇಡಿ. ಇಲ್ಲಿ 2000ದಲ್ಲಿ ಬಂದ ಕಾನೂನಿನ ಪ್ರಕಾರ ಚೀನೀ ವೈದ್ಯರು ನೋಂದಣಿ ಮಾಡಿಸಿರಬೇಕು. ಆ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ, ನೋಡಿಕೊಂಡು ಹೋಗಿ. ದುಡ್ಡಿಲ್ಲ ಅನ್ನುವವರಿಗೂ ದಾರಿ ಇದೆ. 1867ರಲ್ಲಿ ಶುರುವಾದ ಥಾಂಗ್ ಚಾಯ್ ಸಂಸ್ಥೆ ಯಾವ ಜನ, ಯಾವ ಧರ್ಮ ಅಂತ ನೋಡದೆ ಬಡವರಿಗೆ ಔಷಧಿ ಕೊಡುತ್ತಾ ಬಂದಿದೆ.

ಇನ್ನು, ಜ್ವರ ಜೋರಾಗಿ ಬಂದು ಮೂಗು ಸೋರದೆ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದ್ದರೆ ಅದು ನೆಗಡಿ ಅಂತ ಕೂರಬೇಡಿ. ಇಲ್ಲೂ ಬೆಂಗಳೂರಲ್ಲೂ ಡೆಂಗ್ಯೂ ಕಾಟ ಇದೆ. ಮೊದಲ ದಿನಗಳಲ್ಲೇ ಎನ್‌ಎಸ್1 ಎಂಬ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಮೂರು ದಿನ ಕಳೆದರೂ ಜ್ವರ ಇಳಿಯದಿದ್ದರೆ ನೇರ ಆಸ್ಪತ್ರೆಗೆ ಹೋಗಿ. ನಮ್ಮ ವೈದ್ಯೆಯೇ ಹೀಗೆ ಎಷ್ಟೋ ಜನರನ್ನು ಎದುರಿನ ಕ್ಲಿನಿಕ್ಕಿಗೆ ಕಳಿಸುತ್ತಾರೆ.

ಮನೆಯಲ್ಲಿ ನಾನು ಮಾಡುವುದು ಒಂದೇ, ಅದೂ ಚಳಿ ನೆಗಡಿಯ ಮೊದಲ ದಿನ. ಮೂಗು ನೀರಿನ ಹಾಗೆ ಸೋರುತ್ತಿರಬೇಕು, ಗಂಟಲು ನೋವು ಇರಬಾರದು. ಈರುಳ್ಳಿ ಸೊಪ್ಪಿನ ಬಿಳಿ ಬುಡ ಮೂರು, ಬೇರು ಸಮೇತ ಚೆನ್ನಾಗಿ ತೊಳೆದದ್ದು. ಹಸಿ ಶುಂಠಿ ನಾಲ್ಕು ಬಿಲ್ಲೆ. ಎರಡು ಲೋಟ ನೀರಿಗೆ ಶುಂಠಿ ಹಾಕಿ ಹತ್ತು ನಿಮಿಷ, ಆಮೇಲೆ ಈರುಳ್ಳಿ ಬುಡ ಹಾಕಿ ಐದು ನಿಮಿಷ. ಸೋಸಿ, ಒಂದು ಚಮಚ ಬೆಲ್ಲ ಹಾಕಿ ಬಿಸಿ ಇರುವಾಗಲೇ ಕುಡಿದು ಹೊದ್ದು ಮಲಗುವುದು. ಗಂಟಲು ಕೆಂಪಾಗಿದ್ದರೆ ಇದನ್ನು ಬಿಟ್ಟು ಸೇವಂತಿಗೆ ಹೂವಿನ ಟೀಗೆ ಪುದೀನ ಹಾಕಿ ಕೊಡುತ್ತೇನೆ. ಅಂಗಡಿಯಿಂದ ತಂದ ಪೊಟ್ಟಣ ಮಿಕ್ಕರೆ ಕುಡಿದು ಮುಗಿಸಲೇಬೇಕು ಅಂತ ಏನೂ ಇಲ್ಲ. ಒಂದು ಸಲ ಕುಡಿದು ಬೆವರು ಬಂದು ಹಗುರವಾದರೆ ಅಲ್ಲಿಗೆ ನಿಲ್ಲಿಸಿ ಅಂತ ಝಾಂಗ್ ಝೊಂಗ್‌ಜಿಂಗ್ ಅವರೇ ಬರೆದಿದ್ದಾರೆ.