ಸೆಲ್ಲೋ ಇಲ್ಲದ ಶುರು

14 ಡಿಸೆಂಬರ್ 2025, ಭಾನುವಾರ

ಹಳೇ ಸಿಡಿ ಮಾರುವವರೊಬ್ಬರಿಂದ ತರಿಸಿದ್ದ 'ನಟ್‌ಕ್ರ್ಯಾಕರ್' ನಿನ್ನೆ ಬಂತು. ಚೈಕೋವ್‌ಸ್ಕಿ ಸಂಗೀತ ಬರೆದ ಪೂರ್ತಿ ಬ್ಯಾಲೆ, ಅಂದರೆ ಕುಣಿತದಲ್ಲೇ ಕತೆ ಹೇಳುವ ನೃತ್ಯನಾಟಕ, ಎರಡು ಡಿಸ್ಕ್. ಎರ್ನೆಸ್ಟ್ ಆನ್ಸರ್‌ಮೆ ಎಂಬ ಕಂಡಕ್ಟರ್ (ಆರ್ಕೆಸ್ಟ್ರಾ ನಡೆಸುವವನು) 1958ರಲ್ಲಿ ಜಿನೀವಾದಲ್ಲಿ ಡೆಕ್ಕಾ ಕಂಪನಿಗೆ ಮಾಡಿದ ರೆಕಾರ್ಡಿಂಗ್. ಬೆಳಿಗ್ಗೆ ಕಾಫಿ ಹಿಡಿದು ಕೂತೆ. ಹಿಮ ಬೀಳುವ ವಾಲ್ಟ್ಸ್, ಅದರಲ್ಲಿ ಸಾಹಿತ್ಯವೇ ಇಲ್ಲದೆ ಬರೀ ಆಕಾರದಲ್ಲಿ ಹಾಡುವ ಕೋರಸ್. ಅಲ್ಲಿಗೆ ಮೊದಲ ಅಂಕ ಮುಗಿಯಿತು. ಎರಡನೇ ಡಿಸ್ಕ್ ಹಾಕಿದರೆ ಮತ್ತೆ ಓವರ್ಚರ್, ಅದೇ ಶುರುವಿನ ಸಂಗೀತ! ಡಬ್ಬಿಯಲ್ಲಿದ್ದ ಎರಡೂ ಒಂದನೇ ಡಿಸ್ಕೇ.

ಸಿಟ್ಟು ಬಂತು, ಆದರೂ ನಿಲ್ಲಿಸಲಿಲ್ಲ. ಎರಡನೇ ಸಲ ಕೇಳುವಾಗ ಕಿವಿ ಬೇರೆ ಕಡೆ ಹೋಗುತ್ತದೆ. ಈ ಓವರ್ಚರಿನಲ್ಲಿ ದಪ್ಪ ದನಿಯ ದೊಡ್ಡ ಪಿಟೀಲಿನಂಥ ಸೆಲ್ಲೋ ಇಲ್ಲ, ಅದಕ್ಕಿಂತ ದೊಡ್ಡದಾದ ಡಬಲ್ ಬೇಸ್ ಕೂಡ ಇಲ್ಲ. ತಂತಿವಾದ್ಯಗಳಲ್ಲಿ ತಳದ ಸ್ವರಗಳನ್ನೆಲ್ಲ ಪಿಟೀಲಿಗಿಂತ ತುಸು ದೊಡ್ಡ ವಿಯೋಲಾಗಳೇ ಹೊರಬೇಕು. ಆಟದ ಸಾಮಾನಿನ ಪೆಟ್ಟಿಗೆಯೊಳಗೆ ಆರ್ಕೆಸ್ಟ್ರಾ ಕೂತ ಹಾಗೆ ಕೇಳುವುದು ಅದಕ್ಕೇ.

ಎರಡನೇ ಅಂಕವನ್ನು ಫೋನಿನಲ್ಲಿ ಹುಡುಕಿ ಹಾಕಿದೆ. ಅದರ ಕೊನೆಯ ಹತ್ತಿರ ಬರುವ ಜೋಡಿ ನೃತ್ಯ, ಪಾ ದ ದೂ, ನನಗೆ ಪ್ರಾಣ. ಬ್ಯಾಲೆಯಿಂದ ಆಯ್ದ, ಎಲ್ಲರೂ ಕೇಳುವ ಎಂಟು ತುಣುಕಿನ ಸೂಟ್‌ನಲ್ಲಿ ಇದನ್ನು ಸೇರಿಸಿಯೇ ಇಲ್ಲ, ಅನ್ಯಾಯ. ಮೊದಲು ಹಾರ್ಪ್ ಮೀಟುತ್ತದೆ. ಆಮೇಲೆ ಓವರ್ಚರಿನಲ್ಲಿ ಸುಮ್ಮನೆ ಕೂತಿದ್ದ ಸೆಲ್ಲೋಗಳು ರಾಗ ಎತ್ತಿಕೊಳ್ಳುತ್ತವೆ. ಅಮ್ಮ ಪಕ್ಕದಲ್ಲಿ ಅವರೆಕಾಳು ಹಿಚುಕುತ್ತಾ ಕೂತಿದ್ದಳು. ತಲೆ ಎತ್ತದೆ, "ಸ ನಿ ದ ಪ ಮ ಗ ರಿ ಸ. ಶಂಕರಾಭರಣದ ಅವರೋಹಣ ಅಲ್ವೇನೋ ಇದು?" ಅಂದಳು. ಹೌದು, ಅಷ್ಟೇ. ಮೇಜರ್ ಸ್ಕೇಲಿನ ಮೆಟ್ಟಿಲು ಒಂದೊಂದೇ ಇಳಿಯುವುದು. ಅಷ್ಟರಲ್ಲೇ ಗಂಟಲು ಕಟ್ಟುತ್ತದೆ.

ಇದನ್ನೇ ಆಂಟಾಲ್ ದೊರಾತಿ ಎಂಬ ಇನ್ನೊಬ್ಬ ಕಂಡಕ್ಟರ್ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ 1962ರಲ್ಲಿ ಮಾಡಿದ್ದನ್ನೂ ಹಾಕಿ ನೋಡಿದೆ. ಆತ ಈ ಬ್ಯಾಲೆಯನ್ನು ಪೂರ್ತಿಯಾಗಿ ಮೂರು ಸಲ ರೆಕಾರ್ಡ್ ಮಾಡಿದವನು! ಆನ್ಸರ್‌ಮೆಯದು ತಿಳಿಯಾದ ಸದ್ದು, ಪ್ರತಿ ವಾದ್ಯವೂ ಬೇರೆ ಬೇರೆ ಕಾಣುತ್ತದೆ, ತಂತಿಗಳು ಸ್ವಲ್ಪ ತೆಳು. ದೊರಾತಿಯದು ಬಿಗಿ, ಕುಣಿಯುವವರಿಗೆ ಸೋಮಾರಿಯಾಗಲು ಬಿಡದ ಕೈ. ಇಬ್ಬರೂ ಬ್ಯಾಲೆ ತಂಡಗಳ ಜೊತೆ ಊರೂರು ಸುತ್ತಿದವರು. ಗಣಿತದ ಮೇಷ್ಟರಾಗಿದ್ದ ಆನ್ಸರ್‌ಮೆ 1915ರಿಂದ ರಷ್ಯಾದ ದ್ಯಾಗಿಲೆವ್ ಕಟ್ಟಿದ ಬ್ಯಾಲೆ ತಂಡಕ್ಕೆ ಕಂಡಕ್ಟರ್. ದೊರಾತಿ 1930ರ ದಶಕದಲ್ಲಿ ಬ್ಯಾಲೆ ರೂಸ್ ತಂಡದಲ್ಲಿದ್ದ. ನಮ್ಮ ಭಾಗವತರು ವೇಷಧಾರಿಯ ಕಾಲು ನೋಡಿಕೊಂಡು ಪದ ಹೇಳುವ ಹಾಗೆ ಇವರೂ ವೇದಿಕೆ ಕೆಳಗಿನ ಗುಂಡಿಯಲ್ಲಿ ನಿಂತು ಮೇಲಿನ ಕಾಲುಗಳನ್ನೇ ನೋಡುತ್ತಿರಬೇಕು. ರೆಕಾರ್ಡಿಂಗಿನಲ್ಲಿ ಕಾಲುಗಳೇ ಇಲ್ಲ. ಎಷ್ಟು ಬೇಕಾದರೂ ಎಳೆಯಬಹುದು, ಓಡಿಸಬಹುದು, ಕೇಳುವವರಿಲ್ಲ. ಕೆಲವು ದೊಡ್ಡ ಕಂಡಕ್ಟರುಗಳು ಈ ಪಾ ದ ದೂವನ್ನು ಸಿಂಫನಿಯ ತರ ಎಳೆಯುವುದು ಕೇಳಿದರೆ ನನಗೆ ಇರಿಸುಮುರಿಸು. ಇವರಿಬ್ಬರದರಲ್ಲಿ ಮಾತ್ರ ಕಣ್ಣು ಮುಚ್ಚಿದರೂ ಯಾರೋ ಕುಣಿಯುತ್ತಿದ್ದಾರೆ ಅನಿಸುತ್ತದೆ.

ಬರುವ ಗುರುವಾರಕ್ಕೆ ಈ ಬ್ಯಾಲೆ ಸೇಂಟ್ ಪೀಟರ್ಸ್‌ಬರ್ಗಿನ ಮಾರಿಯಿನ್ಸ್‌ಕಿ ಥಿಯೇಟರಿನಲ್ಲಿ ಮೊದಲು ನಡೆದು 133 ವರ್ಷ. ಅವತ್ತು ಕಂಡಕ್ಟರ್ ಕೋಲು ಹಿಡಿದವನು ರಿಕಾರ್ಡೊ ದ್ರಿಗೊ. ಅದರ ರೆಕಾರ್ಡಿಂಗ್ ಎಲ್ಲಿಂದ ಬರಬೇಕು!

ಸಂಜೆ ಅಮ್ಮನಿಗೆ ಅದೇ ಜೋಡಿ ನೃತ್ಯದ ವಿಡಿಯೋ ತೋರಿಸಿದೆ. ಸಂಗೀತ ತುಸು ನಿಧಾನ. ಹುಡುಗ ಹುಡುಗಿಯನ್ನು ತಲೆ ಮೇಲೆ ಎತ್ತಿ ಹಿಡಿದಿದ್ದ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಬೇಗ ಮುಗಿಸೋಕೆ ಹೇಳೋ ಅವರಿಗೆ, ಪಾಪ, ತೋಳು ನೋಯಲ್ವಾ?" ಅಂದಳು.