ತಗೊಂಡ್ಬಿಡಿ ಅಕ್ಕ: ಮಾತು ವ್ಯಾಕರಣ ಆಗುವುದನ್ನು ಬರೆದಿಡುವ ನೋಟ್‌ಬುಕ್, ನಾಲ್ಕನೇ ತಿಂಗಳು

ಹೋದ ಶುಕ್ರವಾರ ಸಂಜೆ ಗಾಂಧಿ ಬಜಾರಿನಲ್ಲಿ ಮೋಡ ಕಟ್ಟಿತ್ತು. ಹೂವಿನವರ ಹತ್ತಿರ ಒಂದು ಮೊಳ ಮಲ್ಲಿಗೆ ಕೇಳಿದೆ. ಅವರು ಬೆರಳ ತುದಿಯಿಂದ ಮೊಣಕೈವರೆಗೆ ಹೂವು ಎಳೆದು ಅಳೆದರು. ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಸಲ ಎಳೆದರು. "ಎರಡು ಮೊಳಾನೂ ತಗೊಂಡ್ಬಿಡಿ ಅಕ್ಕ, ಮಳೆ ಬಂದ್ರೆ ಎಲ್ಲ ಹಾಳಾಗೋಗುತ್ತೆ" ಅಂದರು.

ಎರಡು ಮೊಳಾನೂ ತಗೊಂಡೆ. ಮನೆಗೆ ಬಂದವಳೇ ಕೈಕಾಲು ತೊಳೆಯುವ ಮೊದಲು ಆ ಮಾತನ್ನು ನೋಟ್‌ಬುಕ್ಕಿಗೆ ಇಳಿಸಿದೆ. ನಾಲ್ಕು ತಿಂಗಳಲ್ಲಿ ಇಷ್ಟು ಒಳ್ಳೆಯ ಸಾಲು ಸಿಕ್ಕಿರಲಿಲ್ಲ.

"ತಗೊಂಡ್ಬಿಡಿ" ಅನ್ನುವುದನ್ನು ಬಿಚ್ಚಿ ನೋಡಿ. ತೆಗೆದು, ಕೊಂಡು, ಬಿಡಿ. ಮೂರು ಕ್ರಿಯಾಪದ. ತೆಗೆಯುವುದು ಒಂದು ಕೆಲಸ. ಕೊಳ್ಳುವುದು ಅಂದರೆ ನಮ್ಮದಾಗಿ ಮಾಡಿಕೊಳ್ಳುವುದು. ಬಿಡುವುದು ಅಂದರೆ ಕೈಯಿಂದ ಕಳಚುವುದು. ಮೂಲ ಅರ್ಥವನ್ನೇ ಹಿಡಿದು ಹೋದರೆ ಆಕೆ ನನಗೆ "ತೆಗೆಯಿರಿ, ನಿಮ್ಮದು ಮಾಡಿಕೊಳ್ಳಿ, ಬಿಟ್ಟು ಹೋಗಿ" ಅಂದ ಹಾಗಾಯಿತು. ಕೊಳ್ಳು ಮತ್ತು ಬಿಡು ಒಂದಕ್ಕೊಂದು ಪೂರ್ತಿ ಎದುರು. ಆದರೂ ಅವೆರಡೂ ಒಂದೇ ಮಾತಿನೊಳಗೆ ಅಕ್ಕಪಕ್ಕ ಕೂತಿವೆ. ಕೇಳಿದ ನನಗೂ ಏನೂ ವಿಚಿತ್ರ ಅನ್ನಿಸಲಿಲ್ಲ. ಯಾಕಂದ್ರೆ ಅಲ್ಲಿ "ಕೊಂಡು" ಕೊಳ್ಳುವ ಕೆಲಸ ಮಾಡುತ್ತಿಲ್ಲ, "ಬಿಡು" ಬಿಡುವ ಕೆಲಸ ಮಾಡುತ್ತಿಲ್ಲ. ಒಂದು "ನಿಮಗೋಸ್ಕರ" ಅನ್ನುತ್ತದೆ. ಇನ್ನೊಂದು "ಯೋಚನೆ ಮಾಡದೆ ಮುಗಿಸಿ" ಅನ್ನುತ್ತದೆ. ಪದಗಳಾಗಿದ್ದವು ಈಗ ಪ್ರತ್ಯಯದ ಕೆಲಸಕ್ಕೆ ಸೇರಿಕೊಂಡಿವೆ.

ಈ ನೋಟ್‌ಬುಕ್ ಇರುವುದೇ ಇದಕ್ಕೆ. ದಿನಕ್ಕೆ ಒಂದು ಸಾಲು. ಬಸ್ಸಲ್ಲಿ, ಮೆಟ್ರೋದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ಕಿವಿಗೆ ಬಿದ್ದದ್ದು. ಯಾರ ಹೆಸರೂ ಬರೆಯುವುದಿಲ್ಲ, ಯಾರ ದನಿಯನ್ನೂ ರೆಕಾರ್ಡ್ ಮಾಡುವುದಿಲ್ಲ. ಶಾಲೆಯಲ್ಲಿ ವ್ಯಾಕರಣ ಅಂದರೆ ಮೊದಲು ನಿಯಮ, ಆಮೇಲೆ ಮಾತು ಅಂತ ಕಲಿತಿದ್ದೆ. 1987ರಲ್ಲಿ ಪಾಲ್ ಹಾಪರ್ ಅನ್ನುವ ಭಾಷಾಶಾಸ್ತ್ರಜ್ಞರು ಅದನ್ನು ತಿರುಗಿಸಿ ಇಟ್ಟರು. ಜನ ಒಂದೇ ಥರದ ಮಾತನ್ನು ಮತ್ತೆ ಮತ್ತೆ ಆಡಿ ಆಡಿ ಸವೆದ ದಾರಿಯೇ ವ್ಯಾಕರಣ, ಅದು ಯಾವತ್ತೂ ಪೂರ್ತಿ ಆಗುವುದಿಲ್ಲ ಅನ್ನುವುದು ಅವರ ವಾದದ ತಿರುಳು. ಲಾಲ್‌ಬಾಗಿನ ಹುಲ್ಲಿನ ಮೇಲೆ ಜನ ನಡೆದು ನಡೆದು ಕಾಲುದಾರಿ ಬೀಳುತ್ತದಲ್ಲ, ಹಾಗೆ. ಅದು ಕನ್ನಡದಲ್ಲಿ ಕಣ್ಣಿಗೆ ಕಾಣುತ್ತದಾ ಅಂತ ನೋಡುವ ಆಸೆ ನನ್ನದು.

ಜೋಡಿ ಹುಡುಕುವ ಕೆಲಸ

ಈ ತಿಂಗಳು ಜಾಸ್ತಿ ಹೊತ್ತು ಹೋಗಿದ್ದು ಇದಕ್ಕೇ. ಹೂವಿನವರ ಮಾತಿನಿಂದ ಒಂದು ಪರೀಕ್ಷೆ ಹೊಳೆಯಿತು. ಒಂದು ಪದ ನಿಜವಾಗಿಯೂ ವ್ಯಾಕರಣದ ತುಂಡಾಗಿದ್ದರೆ, ಅದರ ಹಳೆಯ ರೂಪದ ಪಕ್ಕದಲ್ಲೇ ಅದು ನಿಲ್ಲಬೇಕು. ನಿಂತರೂ ಯಾರಿಗೂ "ಎರಡು ಸಲ ಹೇಳಿದೆ" ಅನ್ನಿಸಬಾರದು.

ಮೊದಲು ಸಿಕ್ಕಿದ್ದು "ಬಿಟ್ಬಿಡು". ಬಿಡು, ಬಿಡು. ಒಂದೇ ಪದ ಎರಡು ಸಲ. ಮೊದಲನೆಯದು ನಿಜವಾದ ಬಿಡುವುದು. ಎರಡನೆಯದು ಬರೀ "ಮುಗಿಸು" ಅನ್ನುವ ಒತ್ತು. ಬಸ್ಸಲ್ಲಿ ಒಬ್ಬ ಹುಡುಗ ಫೋನಲ್ಲಿ ಗೆಳೆಯನಿಗೆ "ಲೇ, ಅದನ್ನ ಅಲ್ಲಿಗೇ ಬಿಟ್ಬಿಡೋ" ಅನ್ನುತ್ತಿದ್ದ. ಅವನಿಗೆ ಅದು ಒಂದೇ ಪದ.

ಎರಡನೆಯದು "ಕೊಂಡ್ಕೊಂಡೆ". ಅಮ್ಮ ಹೊಸ ಕುಕ್ಕರ್ ಬಗ್ಗೆ ಪಕ್ಕದ ಮನೆಯವರಿಗೆ ಹೇಳಿದ್ದು. ಕೊಳ್ಳು, ಕೊಳ್ಳು. ಮೊದಲನೆಯದಕ್ಕೆ ದುಡ್ಡು ಕೊಟ್ಟಿದ್ದಾರೆ, ಎರಡನೆಯದಕ್ಕೆ ಕೊಟ್ಟಿಲ್ಲ.

ಮೂರನೆಯದು "ಇದ್ದಿದ್ರೆ". "ಅಪ್ಪ ಇದ್ದಿದ್ರೆ ಇಷ್ಟು ಹೊತ್ತಿಗೆ ಕಾಫಿ ಕೇಳ್ತಿದ್ರು." ಇರು, ಇರು. ಇದನ್ನೂ ಅಮ್ಮನೇ ಹೇಳಿದ್ದು. ಬರೆದುಕೊಳ್ಳುವಾಗ ಒಂದು ನಿಮಿಷ ಪೆನ್ನು ಕೆಳಗಿಟ್ಟೆ.

ನಾಲ್ಕನೆಯದು "ಅಂತ ಅಂದ". ಅದರ ಕತೆ ಉದ್ದ, ಮುಂದೆ ಬರುತ್ತದೆ.

ಸೋತ ಜೋಡಿಗಳೂ ಇವೆ. "ತಿಂದು ನೋಡು", "ಕೇಳಿ ನೋಡು", "ಮುಟ್ಟಿ ನೋಡು" ಅಂತೀವಿ. ಅಲ್ಲಿ ನೋಡು ಅಂದರೆ ಪ್ರಯತ್ನಿಸು. ಕಣ್ಣಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಾದರೆ "ನೋಡಿ ನೋಡು" ಆಗಬೇಕಲ್ಲ? ಅಮ್ಮನನ್ನು ಕೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. "ನೋಡಿ ನೋಡು ಅಂತ ಯಾರೇ ಅಂತಾರೆ? ಸುಮ್ನೆ ಒಂದ್ಸಲ ನೋಡು ಅಂತಾರೆ" ಅಂದರು. "ಕೊಟ್ಟು ಕೊಡು" ಕೂಡ ಹಾಗೇ ಬಿದ್ದುಹೋಯಿತು, "ಬರೆದು ಕೊಡು" ಎಷ್ಟೇ ಸಲೀಸಾಗಿದ್ದರೂ. ನನ್ನ ಲೆಕ್ಕದಲ್ಲಿ ನೋಡು, ಕೊಡು ಇನ್ನೂ ಅರ್ಧ ದಾರಿಯಲ್ಲಿವೆ. ಬಿಡು, ಕೊಳ್ಳು, ಇರು ತುಂಬ ಮುಂದೆ ಹೋಗಿವೆ. ಉಚ್ಚಾರಣೆಯೂ ಅದನ್ನೇ ಹೇಳುತ್ತದೆ. "ಮಾಡಿಕೊಂಡು" ಸವೆದು "ಮಾಡ್ಕೊಂಡು" ಆಗಿದೆ, "ಮಾಡುತ್ತಾ ಇದ್ದಾನೆ" ಸವೆದು "ಮಾಡ್ತಿದ್ದಾನೆ" ಆಗಿದೆ. "ತಿಂದು ನೋಡು" ಮಾತ್ರ ಎರಡು ಪದವಾಗಿಯೇ ಇದೆ. ಜಾಸ್ತಿ ಕೈ ಬದಲಿಸಿದ ನಾಣ್ಯ ಬೇಗ ಸವೆಯುತ್ತದೆ.

ಅಂತ: ಹುಡುಕಾಟ ಕೈಕೊಟ್ಟ ವಾರ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಧ್ವನಿ ಸಂದೇಶಗಳಲ್ಲಿ ಒಂದಷ್ಟನ್ನು, ಎಲ್ಲರನ್ನೂ ಕೇಳಿ ಒಪ್ಪಿಗೆ ಪಡೆದು, ಟೈಪ್ ಮಾಡಿಟ್ಟಿದ್ದೇನೆ. ಅದರಲ್ಲಿ "ಅಂತ" ಎಷ್ಟು ಸಲ ಬರುತ್ತದೆ ಅಂತ ಎಣಿಸಲು ಹೊರಟೆ. ಎಣಿಕೆ ಪೂರ್ತಿ ತಪ್ಪಿತು. ಕಂಪ್ಯೂಟರ್ "ಅಂತೆ", "ಅಂತೂ", "ಅಂತಿಮ", "ಅಂತರ" ಎಲ್ಲವನ್ನೂ ಹಿಡಿದು ಕೊಟ್ಟಿತು. ಅದನ್ನು ಕೈಯಿಂದ ತೆಗೆದು ಹಾಕಬಹುದಿತ್ತು. ದೊಡ್ಡ ತೊಂದರೆ ಅದು ಹಿಡಿಯದೆ ಬಿಟ್ಟದ್ದು. "ಏನಂತ ಕೇಳ್ದ", "ಯಾರಂತ ಗೊತ್ತಿಲ್ಲ", "ಬರಲ್ಲಂತ ಹೇಳು". ಇಲ್ಲೆಲ್ಲ ಅಂತ ಇದೆ, ಆದರೆ "ಅಂತ" ಅನ್ನುವ ಅಕ್ಷರಗಳು ಇಲ್ಲ. ಮೊದಲ ಅಕ್ಷರವನ್ನು ಹಿಂದಿನ ಪದ ನುಂಗಿದೆ.

ಎರಡು ಸಂಜೆ ಬೇಜಾರಾಗಿತ್ತು. ಮೂರನೇ ಸಂಜೆ ಅದನ್ನೇ ಬೇರೆ ಥರ ನೋಡಿದೆ. ಹುಡುಕಾಟ ತಪ್ಪಿದ ಜಾಗವೇ ನನಗೆ ಬೇಕಾದ ಜಾಗ. ತನ್ನ ಮೈಯನ್ನೇ ಕಳೆದುಕೊಂಡು ಪಕ್ಕದ ಪದಕ್ಕೆ ಅಂಟಿಕೊಂಡಿದ್ದರೆ, ಅಷ್ಟು ದೂರ ಅದು ವ್ಯಾಕರಣದ ಕಡೆ ಹೋಗಿದೆ ಅಂತ ಅರ್ಥ. ಈಗ ಅಂಟಿದವನ್ನೂ ಬಿಡಿಯಾಗಿ ನಿಂತವನ್ನೂ ಬೇರೆ ಬೇರೆ ಪುಟದಲ್ಲಿ ಕೈಯಿಂದಲೇ ಬರೆಯುತ್ತಿದ್ದೇನೆ.

ಅಂತ ಹುಟ್ಟಿದ್ದು ಅನ್ನುವುದರಿಂದ. ಬರವಣಿಗೆಯ "ಎಂದು" ಕೂಡ ಅದೇ ಮನೆಯದು. ನನ್ನ ಪುಟದಲ್ಲಿ ಅದು ನಡೆದ ದಾರಿ ಹೀಗಿದೆ. "ಬರ್ತೀನಿ ಅಂತ ಅಂದ." ಇಲ್ಲಿ ಯಾರೋ ನಿಜವಾಗಿ ಮಾತಾಡಿದ್ದಾರೆ. "ಬರ್ತಾನೆ ಅಂತ ಗೊತ್ತು." ಇಲ್ಲಿ ಯಾರೂ ಏನೂ ಅಂದಿಲ್ಲ, ಮನಸ್ಸಿನಲ್ಲಿದೆ ಅಷ್ಟೆ. "ಮಳೆ ಬರುತ್ತೆ ಅಂತ ಕೊಡೆ ತಂದೆ." ಇಲ್ಲಿ ಅದು ಕಾರಣ ಆಗಿದೆ. "ತೆಂಗಿನಕಾಯಿ ಧೊಪ್ಪ ಅಂತ ಬಿತ್ತು." ತೆಂಗಿನಕಾಯಿಗೆ ಬಾಯಿಲ್ಲ, ಸದ್ದಾದರೂ ಇದೆ. "ದೀಪ ಝಗಝಗ ಅಂತ ಹೊಳೀತಿತ್ತು." ಈಗ ಸದ್ದೂ ಇಲ್ಲ. ಹೀಗೆ ಒಂದೊಂದೇ ಮೆಟ್ಟಿಲು ಇಳಿದು "ಅನ್ನು" ಮಾತನ್ನೇ ಬಿಟ್ಟು ದೂರ ಬಂದಿದೆ. ಯಾರೋ ಕೂತು ಮಾಡಿದ ಬದಲಾವಣೆ ಅಲ್ಲ. ಪ್ರತಿ ಮೆಟ್ಟಿಲೂ ಹಿಂದಿನದಕ್ಕೆ ಎಷ್ಟು ಹತ್ತಿರ ಇದೆ ಅಂದರೆ, ಇಳಿಯುವವರಿಗೆ ಇಳಿದದ್ದೇ ಗೊತ್ತಾಗಿರಲಿಕ್ಕಿಲ್ಲ.

"ಯಾಕಂದ್ರೆ" ಕೂಡ ಇದೇ ಕುಟುಂಬ. ಯಾಕೆ ಅಂದರೆ. ಹೇಳುವವರೇ ಒಂದು ಪ್ರಶ್ನೆ ಹಾಕಿ ತಾವೇ ಉತ್ತರ ಕೊಡುತ್ತಿದ್ದ ಮಾತು ಅದು. ಈಗ ಅದರೊಳಗಿನ ಪ್ರಶ್ನೆ ಯಾರ ಕಿವಿಗೂ ಕೇಳಿಸುವುದಿಲ್ಲ. "ಆದ್ರೆ", "ಆಮೇಲೆ", "ಅದಕ್ಕೆ" ಇವನ್ನು ಮುಂದಿನ ಸಲ ಹೇಳುವಾಗ ಒಂದು ಕ್ಷಣ ನಿಲ್ಲಿಸಿ ಕೇಳಿಸಿಕೊಳ್ಳಿ.

ಬೇಗೂರಿನ ಕಲ್ಲು

ಒಂದು ಭಾನುವಾರ ಬೇಗೂರಿಗೆ ಹೋಗಿದ್ದೆ. ಅಲ್ಲಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನ ಬಗ್ಗೆ ಬೆಂಗಳೂರಿನವರು ಬಹಳ ಜನ ಕೇಳಿರುತ್ತೀರಿ. ಸುಮಾರು ಒಂಬತ್ತನೇ ಶತಮಾನದ ಕೊನೆಯದು. ಈ ಊರಿನ ಹೆಸರು ಅದರಲ್ಲಿದೆ ಅಂತಲೇ ಅದು ಪ್ರಸಿದ್ಧ. ಎಲ್ಲರೂ "ಬೆಂಗಳೂರು" ಅನ್ನುವ ಹೆಸರಿಗೆ ಬೆರಳು ತೋರಿಸುತ್ತಾರೆ. ನಾನು ಹೋಗಿದ್ದು ಅದರ ಪಕ್ಕದ ಪದಕ್ಕೆ. ನಾವು "ಕಾಳಗದಲ್ಲಿ" ಅನ್ನುವ ಕಡೆ ಆ ಶಾಸನ "ಕಾಳೆಗದೊಳ್" ಅನ್ನುತ್ತದೆ.

ಹಳಗನ್ನಡದ ಆ "ಒಳ್" ಒಳಗೆ ಅನ್ನುವುದರ ನೆಂಟ. ಕಾಳಗದ ಒಳಗೆ. ಕಾಲ ಕಳೆದ ಹಾಗೆ ಅದರ ಜಾಗಕ್ಕೆ "ಅಲ್ಲಿ" ಬಂದು ಕೂತಿತು. ಊರು, ಅಲ್ಲಿ. ಊರಲ್ಲಿ. ಕೈ ತೋರಿಸಿ ಹೇಳುವ ಅದೇ "ಅಲ್ಲಿ". ಈಗ ಅದೂ ಸವೆಯುತ್ತಿದೆ. ಮನೆಯಲ್ಲಿ ಅನ್ನುವುದು ಬಾಯಲ್ಲಿ "ಮನೇಲಿ". ನನ್ನ ಜೋಡಿ ಪರೀಕ್ಷೆಯನ್ನೂ ಅದು ಪಾಸು ಮಾಡಿದೆ. ಸಾಕ್ಷಿಗೆ ಅಮ್ಮನ ಮಾತು: "ಚಾಕು ಅಡುಗೆಮನೇಲಿ ಅಲ್ಲೇ ಮೂಲೇಲಿ ಇದೆ ನೋಡು." ಒಂದೇ ಉಸಿರಿನಲ್ಲಿ ಮೂರು ಅಲ್ಲಿ. ಜಾಗ ತೋರಿಸುವ ಕೈ ಮಧ್ಯದ್ದಕ್ಕೆ ಮಾತ್ರ ಎದ್ದಿತು.

ಸುಮಾರು 1260ರಲ್ಲಿ ಕೇಶಿರಾಜ ಕನ್ನಡಕ್ಕೆ ವ್ಯಾಕರಣ ಬರೆದಾಗ ಸೂತ್ರದ ಜೊತೆಗೆ ಹಿಂದಿನ ಕವಿಗಳ ಪ್ರಯೋಗಗಳನ್ನು ತೋರಿಸುತ್ತಾ ಹೋದ. ಅವನಿಗೂ ಮೊದಲು ಬೇಕಾಗಿದ್ದು ಬಳಕೆಯೇ. ಅವನ ಮುಂದೆ ಕವಿಗಳಿದ್ದರು, ನನ್ನ ಮುಂದೆ ಹೂವಿನವರು ಇದ್ದಾರೆ.

ಅಕ್ಕನ ಮಗಳು

ಅಕ್ಕನ ಮಗಳಿಗೆ ಈಗ ನಾಲ್ಕು ವರ್ಷ. ರಜೆಗೆ ಬಂದಿದ್ದಳು. ಒಂದು ಮಧ್ಯಾಹ್ನ "ಚಿಕ್ಕಿ, ನಾನು ಅವ್ಳಿಗೆ ಚಾಕ್ಲೇಟ್ ಕೊಡಿದೆ, ಅವ್ಳು ನಗಿದ್ಲು" ಅಂದಳು. ಈ "ಕೊಡಿದೆ" ಅವಳಿಗೆ ನಮ್ಮ ಮನೆಯಲ್ಲಿ ಯಾರಿಂದಲೂ ಸಿಕ್ಕಿದ್ದಲ್ಲ. ಆಡಿದೆ, ಓಡಿದೆ, ಮಾಡಿದೆ ಕೇಳಿ ಕೇಳಿ ತಾನೇ ಒಂದು ಅಚ್ಚು ಮಾಡಿಕೊಂಡಿದ್ದಾಳೆ. ಆದರೆ ಅವಳು ಒಮ್ಮೆಯೂ "ಬರಿದೆ" ಅಂದಿಲ್ಲ. ಬಂದೆ, ಹೋದೆ, ತಿಂದೆ ಎಲ್ಲ ಸರಿ. ಅವು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಕಿವಿಗೆ ಬೀಳುವ ಮಾತು, ಅಚ್ಚಿನ ಹಂಗು ಅವಕ್ಕಿಲ್ಲ.

ಇದು ಮಕ್ಕಳದ್ದು ಮಾತ್ರ ಅಂತ ಮೊದಲು ಅಂದುಕೊಂಡಿದ್ದೆ. ಆಮೇಲೆ ನನ್ನದೇ ಪುಟ ತಿರುಗಿಸಿದೆ. "ನಕ್ಕ" ಅನ್ನುವ ಕಡೆ ದೊಡ್ಡವರೇ "ನಗಾಡಿದ" ಅಂದಿದ್ದಾರೆ. "ಉಂಡ" ಬೆಂಗಳೂರಲ್ಲಿ ನನ್ನ ಕಿವಿಗೆ ಬೀಳುವುದೇ ಅಪರೂಪ, ಎಲ್ಲ ಕಡೆ "ಊಟ ಮಾಡಿದ". "ಮಿಂದ" ಹೋಗಿ "ಸ್ನಾನ ಮಾಡಿದ" ಬಂದಿದೆ. "ಕಾಲ್ ಮಾಡು", "ಬುಕ್ ಮಾಡು", "ಅಡ್ಜಸ್ಟ್ ಮಾಡಿ" ಒಳಗೆ ಬಂದಿದ್ದು ಕೂಡ ಊಟ, ಸ್ನಾನಕ್ಕೆ ತೆರೆದಿದ್ದ ಇದೇ ಬಾಗಿಲಿಂದ. ಇಂಗ್ಲಿಷ್ ಪದ ಬಂದಾಗ ಕನ್ನಡ ಕೆಟ್ಟಿತು ಅಂತ ಬೇಸರಪಡುವವರನ್ನು ನಾನು ಬಲ್ಲೆ. ಆ ಬೇಸರ ನನಗೂ ಅರ್ಥವಾಗುತ್ತದೆ. ಆದರೆ ಬಾಗಿಲು ನಮ್ಮದು, ಮಾಡು ನಮ್ಮದು. "ಬುಕ್ ಮಾಡಿದೆ", "ಬುಕ್ ಆಯ್ತು" ಅನ್ನುವಾಗ ಮಾಡುವುದಕ್ಕೂ ಆಗುವುದಕ್ಕೂ ಇರುವ ವ್ಯತ್ಯಾಸ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ.

ಇನ್ನೊಂದು ಬಾಗಿಲೂ ಇದೆ. "ಇಸು". ಪತ್ರಿಕೆಯವರ "ಫೋಟೊ ಕ್ಲಿಕ್ಕಿಸಿದರು" ಆ ಬಾಗಿಲಿಂದ ಬಂದದ್ದು. ಯಾವ ಪದ ಮಾಡು ಕಡೆ ಹೋಗುತ್ತದೆ, ಯಾವುದು ಇಸು ಕಡೆ ಹೋಗುತ್ತದೆ ಅನ್ನುವುದಕ್ಕೆ ಮುಂದಿನ ತಿಂಗಳಿಗೆ ಬೇರೆ ಪುಟ ತೆರೆದಿದ್ದೇನೆ. ಸದ್ಯಕ್ಕೆ ಅದರಲ್ಲಿ ಎರಡೇ ಸಾಲು: "ಕ್ಲಿಕ್ಕಿಸು", "ಫೋನಾಯಿಸು". ಎರಡನೆಯದರ ಪಕ್ಕದಲ್ಲಿ "ಚಲಾಯಿಸು, ಜಮಾಯಿಸು ನೋಡಬೇಕು" ಅಂತ ಪೆನ್ಸಿಲಲ್ಲಿ ಬರೆದಿದೆ.

ಅಕ್ಕನ ಮಗಳು ಹೊರಡುವ ದಿನ ಬಾಗಿಲ ಹತ್ತಿರ ನಿಂತು ಒಂದು ಗೊಂಬೆ ನನ್ನ ಕೈಗೆ ಕೊಟ್ಟಳು. "ಇದನ್ನ ನೀನೇ ಇಟ್ಕೊಂಡ್ಬಿಡು ಚಿಕ್ಕಿ" ಅಂದಳು. ಇಡು, ಕೊಳ್ಳು, ಬಿಡು, ಮೂರೂ ಸರಿಯಾದ ಜಾಗದಲ್ಲಿ. ಆಟೋ ತಿರುವು ದಾಟುವವರೆಗೆ ನಿಂತಿದ್ದು, ಒಳಗೆ ಬಂದು ದಿನಾಂಕ ಹಾಕಿ ಬರೆದಿಟ್ಟೆ.