ಟೋಕಿಯೋದಲ್ಲಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ: ಮೊದಲು ಮೆನು ತೆರೆದು ನೋಡಿ

ಜಪಾನಿನಲ್ಲಿ ಇದ್ದೀನಿ ಅಂತ ಗೊತ್ತಾದ ಕೂಡಲೇ ಊರಿನವರು ಕೇಳುವುದು ಕ್ಯಾಮೆರಾ. "ಅಲ್ಲೇ ತಯಾರಾಗುತ್ತಲ್ಲ, ಅಗ್ಗ ಇರಬೇಕು ಅಲ್ವಾ?" ಅರ್ಧ ನಿಜ. ಹೊಸ ಕ್ಯಾಮೆರಾದಲ್ಲಿ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ. ನಿಕಾನ್, ಸೋನಿಯ ಎಷ್ಟೋ ಮಾಡೆಲ್‌ಗಳು ಈಗ ತಯಾರಾಗುವುದೇ ಥಾಯ್ಲೆಂಡಿನಲ್ಲಿ. ಲಾಭ ಇರುವುದು ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ. ಇಲ್ಲಿನ ಜನ ಕ್ಯಾಮೆರಾ ಕೊಂಡರೆ ಡಬ್ಬ, ಮ್ಯಾನುಯಲ್, ಕೇಬಲ್ ಸುತ್ತಿದ ತಂತಿಯನ್ನೂ ಜೋಪಾನ ಮಾಡುತ್ತಾರೆ. ಆಮೇಲೆ ಹೊಸ ಮಾಡೆಲ್ ಬಂತು ಅಂತ ಹಳೆಯದನ್ನು ಅಂಗಡಿಗೆ ಕೊಟ್ಟುಬಿಡುತ್ತಾರೆ.

ಈ ಸಲ ಬೇಡಿಕೆ ಬಂದಿದ್ದು ಸಾಗರದಿಂದ, ಅಕ್ಕನ ಮಗನಿಂದ. "ಮಾವ, ಸೋನಿ ಎ6400 ತಗೊಂಡು ಬನ್ನಿ. ಯಕ್ಷಗಾನ ವಿಡಿಯೋ ಮಾಡ್ಬೇಕು, ಟ್ರಿಪ್‌ಗೂ ಆಗ್ಬೇಕು. ಒಂದು ಲಕ್ಷ ಯೆನ್ ಒಳಗೆ ಇರಲಿ." ಒಂದು ಲಕ್ಷ ಯೆನ್ ಅಂದರೆ ನಮ್ಮ ಐವತ್ತೈದು ಅರವತ್ತು ಸಾವಿರ ರೂಪಾಯಿ.

ನನ್ನ ಹತ್ತಿರ ಇರುವುದೂ ಎ6400. ಒಳ್ಳೆಯ ಕ್ಯಾಮೆರಾ. ಆದರೂ ಅವನಿಗೆ ಬೇಡ ಅಂದೆ.

ಕಾರಣ ಮೆನು. ಸೋನಿ ಜಪಾನಿನ ಮಾರುಕಟ್ಟೆಗೆ ಬಿಡುವ ಬಹುತೇಕ ಕ್ಯಾಮೆರಾಗಳಲ್ಲಿ ಜಪಾನಿ ಭಾಷೆ ಒಂದೇ ಇರುತ್ತದೆ. ಭಾಷೆ ಬದಲಿಸುವ ಆಯ್ಕೆಯೇ ಇಲ್ಲ. ಪ್ಯಾನಸೋನಿಕ್ ಲೂಮಿಕ್ಸ್‌ನ ಇಲ್ಲಿನ ಬಾಡಿಗಳದೂ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇದೇ ಕಥೆ. ನಾನಂತೂ ದಿನಾ ರೈಲು ನಿಲ್ದಾಣದ ಬೋರ್ಡು ಓದಿ ಓದಿ ಆ ಅಕ್ಷರಕ್ಕೆ ಒಗ್ಗಿಹೋದೆ. ಸಾಗರದ ಹುಡುಗ ರಾತ್ರಿ ಹನ್ನೆರಡಕ್ಕೆ ಆಟದ ಮಧ್ಯೆ ಮೈಕ್ ಲೆವೆಲ್ ಎಲ್ಲಿದೆ ಅಂತ ಹುಡುಕುತ್ತಾ ಕೂತರೆ? ಯುಟ್ಯೂಬ್ ನೋಡಿ ಐಕಾನ್ ಬಾಯಿಪಾಠ ಮಾಡಿಕೊಂಡು ಬಳಸುವವರು ಇದ್ದಾರೆ. ಮುಂದೆ ಮಾರುವಾಗ ಆ ಕ್ಯಾಮೆರಾಕ್ಕೆ ಊರಿನಲ್ಲಿ ಗಿರಾಕಿ ಕಡಿಮೆ, ಅದನ್ನೂ ಲೆಕ್ಕ ಹಾಕಬೇಕು.

ನಿಕಾನ್, ಕ್ಯಾನನ್, ಫ್ಯೂಜಿಫಿಲ್ಮ್‌ನ ಹಳೆಯ ಬಾಡಿಗಳಲ್ಲಿ ಇಂಗ್ಲಿಷ್ ಇರುತ್ತದೆ. ಆದರೆ ಇತ್ತೀಚೆಗೆ ನಿಕಾನ್ ಕೂಡ ಝಡ್50 II ಥರದ ಹೊಸ ಮಾಡೆಲ್‌ಗಳನ್ನು ಇಲ್ಲಿ ಜಪಾನಿ ಭಾಷೆಯಲ್ಲಷ್ಟೇ ಮಾರಲು ಶುರು ಮಾಡಿದೆ. ಹಾಗಾಗಿ ಯಾವ ಕಂಪನಿಯದೇ ಆಗಲಿ, ಅಂಗಡಿಯಲ್ಲೇ ಬ್ಯಾಟರಿ ಹಾಕಿಸಿ, ಮೆನು ತೆರೆದು, ಭಾಷೆಯ ಪಟ್ಟಿ ಕಣ್ಣಾರೆ ನೋಡಿ. ಉಳಿದಿದ್ದೆಲ್ಲ ಆಮೇಲೆ.

ಅಂಗಡಿಗಳ ವಿಷಯಕ್ಕೆ ಬರೋಣ. ಶಿಂಜುಕು ಸ್ಟೇಷನ್ ಸುತ್ತಮುತ್ತ ಮ್ಯಾಪ್ ಕ್ಯಾಮೆರಾ ಇದೆ, 2020ರಲ್ಲಿ ತೆರೆದ ಕಿತಾಮುರಾದ ಬಹುಮಹಡಿ ಅಂಗಡಿ ಇದೆ. ನಕಾನೋದಲ್ಲಿ ಫುಜಿಯಾ ಕ್ಯಾಮೆರಾ ಇದೆ. ಪ್ರತಿ ಕ್ಯಾಮೆರಾದ ಪಕ್ಕ ಒಂದು ಪುಟ್ಟ ಚೀಟಿ. ದರ್ಜೆ ಯಾವುದು, ಎಲ್ಲಿ ಗೀರಿದೆ, ಯಾವ ರಬ್ಬರ್ ಸಡಿಲ, ಡಬ್ಬದಲ್ಲಿ ಏನು ಕಾಣೆಯಾಗಿದೆ, ಎಲ್ಲ ಬರೆದಿರುತ್ತಾರೆ. ಕೇಳಿದರೆ ಬಟ್ಟೆ ಹಾಸಿದ ಟ್ರೇನಲ್ಲಿ ತಂದಿಡುತ್ತಾರೆ. ಚೌಕಾಸಿ ಇಲ್ಲ, ಕೇಳಿದರೆ ಪಾಪ ಅವರೇ ಮುಜುಗರ ಪಟ್ಟುಕೊಳ್ಳುತ್ತಾರೆ. ದೊಡ್ಡ ಅಂಗಡಿಗಳಲ್ಲಿ ಸೆಕೆಂಡ್‌ಹ್ಯಾಂಡ್‌ಗೂ ಗ್ಯಾರಂಟಿ ಕೊಡುತ್ತಾರೆ, ಆದರೆ ಕೆಟ್ಟರೆ ಇಲ್ಲಿಗೇ ತರಬೇಕು.

ಇನ್ನೊಂದು ಲೋಕ ಹಾರ್ಡ್‌ಆಫ್ ಅನ್ನುವ ಸೆಕೆಂಡ್‌ಹ್ಯಾಂಡ್ ಅಂಗಡಿಯ 'ಜಂಕ್' (ಕೆಟ್ಟಿರಬಹುದಾದ ಸಾಮಾನು) ಬುಟ್ಟಿಗಳದ್ದು. ನೀಲಿ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಲೆನ್ಸು, ಫ್ಲ್ಯಾಶು, ಹಳೇ ಬಾಡಿಗಳನ್ನು ಸುರಿದಿರುತ್ತಾರೆ. ವಾಪಸ್ ಇಲ್ಲ, ಖಾತ್ರಿ ಇಲ್ಲ. ಕೆದಕೋದಕ್ಕೆ ಮಜಾ. ಊರಿಗೆ ಕಳಿಸುವ ಕ್ಯಾಮೆರಾವನ್ನು ಮಾತ್ರ ಅಲ್ಲಿ ತೆಗೆದುಕೊಳ್ಳಬೇಡಿ.

ಈಗ ಯಾವುದು ಕೊಳ್ಳೋದು? ವಿಡಿಯೋ ಅಂದ ತಕ್ಷಣ ಎಲ್ಲರೂ ಕೇಳುವುದು 4ಕೆ ಇದೆಯಾ ಅಂತ. 2016ರಿಂದ ಈಚೆಯ ಸುಮಾರು ಬಾಡಿಗಳಲ್ಲಿ ಅದು ಇದೆ. ಹೇಗೆ ಇದೆ ಅನ್ನೋದೇ ಪ್ರಶ್ನೆ. 2018ರ ಕ್ಯಾನನ್ ಎಂ50 ಪೆಟ್ಟಿಗೆ ಮೇಲೂ 4ಕೆ ಅಂತ ಬರೆದಿದೆ. ಆದರೆ 4ಕೆಗೆ ಹೋದರೆ ಚಿತ್ರದ ಅಂಚು ಸುತ್ತಲೂ ಜೋರಾಗಿ ಕತ್ತರಿಸಿಹೋಗುತ್ತದೆ, ಕ್ಯಾನನ್‌ನ ಹೆಸರಾಂತ ಚುರುಕು ಫೋಕಸ್, ಡ್ಯುಯಲ್ ಪಿಕ್ಸೆಲ್, ಕೂಡ ಕೆಲಸ ಮಾಡುವುದಿಲ್ಲ. ಫುಲ್ ಎಚ್‌ಡಿ ಸಾಕು ಅನ್ನುವವರಿಗೆ ಅದು ಈಗಲೂ ಚೆಂದದ, ಹಗುರ ಕ್ಯಾಮೆರಾ. ಅದರ ಇಎಫ್-ಎಂ ಲೆನ್ಸುಗಳಿಗೆ ಮುಂದೆ ದಾರಿ ಇಲ್ಲ, ಕ್ಯಾನನ್ ಆರ್‌ಎಫ್ ಅನ್ನುವ ಬೇರೆ ಜಾತಿಯ ಲೆನ್ಸಿಗೆ ಹೊರಳಿಕೊಂಡಿತು. ಬೆಲೆ ಇಳಿದಿರುವುದಕ್ಕೆ ಅದೂ ಒಂದು ಕಾರಣ.

ಸೋನಿ ಎ6400 ಮತ್ತು ಝಡ್‌ವಿ-ಇ10 ಫೋಕಸ್‌ನಲ್ಲಿ ಗಟ್ಟಿಗರು. ಮುಖ ಹಿಡಿದರೆ ಬಿಡುವುದಿಲ್ಲ. ಝಡ್‌ವಿ-ಇ10ರಲ್ಲಿ ಹೆಡ್‌ಫೋನ್ ಜ್ಯಾಕ್ ಇದೆ, ಪಕ್ಕಕ್ಕೆ ತಿರುಗುವ ಪರದೆ ಇದೆ. ಆದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ನಡು ಮಧ್ಯಾಹ್ನ ಹಂಪಿಯ ಬಿಸಿಲಲ್ಲಿ ಪರದೆ ಏನೂ ಕಾಣದಿದ್ದಾಗ ಅದರ ಬೆಲೆ ಗೊತ್ತಾಗುತ್ತದೆ. ಎರಡರಲ್ಲೂ ಬಾಡಿಯೊಳಗೆ ಸ್ಟೆಬಿಲೈಸೇಶನ್ (ಕೈ ಅಲುಗಿದರೂ ಚಿತ್ರ ಅಲುಗದ ಹಾಗೆ ತಡೆಯುವ ವ್ಯವಸ್ಥೆ) ಇಲ್ಲ. ಇನ್ನೊಂದು ತೊಂದರೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಟೋಕಿಯೋದಿಂದ ಒಸಾಕಾ ಕಡೆ ಹೋಗುವಾಗ ಬಲಗಡೆಯ 'ಇ' ಸೀಟಿನಲ್ಲಿ ಕೂತರೆ ಫ್ಯೂಜಿ ಪರ್ವತ ಕಾಣುತ್ತದೆ. ವಿಡಿಯೋ ಮಾಡಿ ನೋಡಿ. ಪರ್ವತ ನೆಟ್ಟಗಿರುತ್ತದೆ, ಹತ್ತಿರದ ಕರೆಂಟು ಕಂಬಗಳೆಲ್ಲ ಓರೆಯಾಗಿ ಬಿದ್ದುಹೋಗುವ ಹಾಗೆ ಓಡುತ್ತವೆ. ಬೆಳಕು ಹಿಡಿಯುವ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕಂಬ ಮುಂದೆ ಹೋಗಿರುತ್ತದೆ. ಈ ಸೋನಿಗಳಲ್ಲಿ ಆ ಓದು ನಿಧಾನ. ಬಸ್ಸಿನ ಕಿಟಕಿಯಿಂದ ತೆಗೆಯುವುದೇ ಜಾಸ್ತಿ ಅನ್ನುವವರು ಇದನ್ನು ಯೋಚಿಸಬೇಕು.

ನಡೆಯುತ್ತಾ ತೆಗೆಯುವವರಿಗೆ ಲೂಮಿಕ್ಸ್ ಜಿ8 ನೋಡಿ ಅನ್ನುತ್ತಿದ್ದೆ, ಭಾಷೆಯ ತೊಡಕು ಇಲ್ಲದಿದ್ದರೆ. ಬೇರೆ ದೇಶಗಳಲ್ಲಿ ಜಿ85 ಅಂತ ಸಿಗುವುದೂ ಅದೇ. ಸ್ಟೆಬಿಲೈಸೇಶನ್ ಬಾಡಿಯಲ್ಲೇ ಇದೆ, ತುಂತುರು ಮಳೆ ತಡೆಯುತ್ತದೆ. ಫೋಕಸ್ ಮಾತ್ರ ಆಗಾಗ ಹಿಂದೆಮುಂದೆ ಆಡುತ್ತದೆ, ಹಿನ್ನೆಲೆ ಉಸಿರಾಡಿದ ಹಾಗೆ ಕಾಣುತ್ತದೆ. 2023ರವರೆಗೂ ಲೂಮಿಕ್ಸ್‌ಗಳದ್ದೆಲ್ಲ ಇದೇ ಹಣೆಬರಹ. 2020ರ ಫ್ಯೂಜಿ ಎಕ್ಸ್-ಎಸ್10 ಎಲ್ಲ ರೀತಿಯಿಂದಲೂ ಸರಿಯಾದ ಉತ್ತರ: ಇಂಗ್ಲಿಷ್ ಇದೆ, ಸ್ಟೆಬಿಲೈಸೇಶನ್ ಇದೆ, ತಿರುಗುವ ಪರದೆ ಇದೆ. ಆದರೆ ಫ್ಯೂಜಿ ಈಗ ಫ್ಯಾಷನ್. ಹಳೆಯ ಬಾಡಿಗೂ ಬೆಲೆ ಇಳಿಯುತ್ತಿಲ್ಲ.

ಹಾಗಾಗಿ ನಾನು ನಿಂತಿದ್ದು ನಿಕಾನ್ ಝಡ್50 ಎದುರು. 2019ರ ಮಾಡೆಲ್. ಇಂಗ್ಲಿಷ್ ಮೆನು ಇದೆ. 4ಕೆ ತೆಗೆದರೆ ಅಂಚು ಕತ್ತರಿಸುವುದಿಲ್ಲ. ಹಿಡಿಕೆ ಕೈತುಂಬಾ ಬರುತ್ತದೆ. ಇಲ್ಲಿ ಇದನ್ನು 'ಡಬಲ್ ಜೂಮ್ ಕಿಟ್' ಅಂತ ಎರಡು ಲೆನ್ಸ್ ಸಮೇತ ಮಾರುತ್ತಿದ್ದರು, 16-50 ಮತ್ತು 50-250 ಮಿಲಿಮೀಟರ್ (ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಎರಡರಲ್ಲೂ ಲೆನ್ಸಿನೊಳಗೇ ಸ್ಟೆಬಿಲೈಸೇಶನ್. ಚಪ್ಪರದ ಹಿಂದೆ ನಿಂತು ರಂಗಸ್ಥಳ ಹಿಡಿಯುವವನಿಗೆ 250 ಬೇಕೇ ಬೇಕು. ಕೊರತೆಗಳೂ ಇವೆ. ಪರದೆ ಕೆಳಗಡೆಗೆ ಮಡಚಿಕೊಳ್ಳುತ್ತದೆ, ಟ್ರೈಪಾಡ್ ಹಾಕಿದರೆ ಅಡ್ಡ. ಹೆಡ್‌ಫೋನ್ ಜ್ಯಾಕ್ ಇಲ್ಲ. ಫೋಕಸ್ ಸೋನಿಯಷ್ಟು ಚುರುಕಲ್ಲ. ಬಣ್ಣದ ವೇಷದ ಮುಖವನ್ನು ಯಾವ ಕ್ಯಾಮೆರಾ ಮುಖ ಅಂತ ಒಪ್ಪುತ್ತದೋ, ಅದು ಬೇರೆ ಮಾತು.

ಇನ್ನೊಂದು, ಒಂದು ಸಲಕ್ಕೆ 29 ನಿಮಿಷ 59 ಸೆಕೆಂಡ್ ಮಾತ್ರ ರೆಕಾರ್ಡ್ ಆಗುತ್ತದೆ. ಯುರೋಪಿನಲ್ಲಿ ಅರ್ಧ ಗಂಟೆ ದಾಟಿ ರೆಕಾರ್ಡ್ ಮಾಡುವ ಕ್ಯಾಮೆರಾವನ್ನು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಿಡಿದು ಸುಂಕ ಹಾಕುತ್ತಿದ್ದರು, ಅದರ ಉಳಿಕೆ ಇದು. ಎ6400ರಲ್ಲಿ ಈ ಮಿತಿ ಇಲ್ಲ. ಅಕ್ಕನ ಮಗನಿಗೆ ಹೇಳಿದೆ, ಪದ್ಯ ಮುಗಿದಾಗ ಒಮ್ಮೆ ನಿಲ್ಲಿಸಿ ಮತ್ತೆ ಒತ್ತು ಅಂತ.

ಕೌಂಟರಿನಲ್ಲಿ ಏನು ನೋಡಬೇಕು? ಎಲ್ಲರೂ ಶಟರ್ (ಫೋಟೋ ತೆಗೆಯುವಾಗ ತೆರೆದು ಮುಚ್ಚುವ ಮುಚ್ಚಳ) ಎಷ್ಟು ಸಲ ಬಿದ್ದಿದೆ ಅಂತ ಕೇಳುತ್ತಾರೆ. ವಿಡಿಯೋ ತೆಗೆಯುವವನಿಗೆ ಅದು ಅಷ್ಟು ಮುಖ್ಯವಲ್ಲ. ವಿಡಿಯೋ ಓಡುವಾಗ ಶಟರ್ ಸುಮ್ನೆ ತೆರೆದೇ ಇರುತ್ತದೆ. ನಾನು ಮೊದಲು ಮೈಕ್ ತೂತಿಗೆ ವೈರ್ ಚುಚ್ಚಿ, ರೆಕಾರ್ಡ್ ಒತ್ತಿ, ವೈರನ್ನು ಮೆಲ್ಲಗೆ ಅಲ್ಲಾಡಿಸುತ್ತೇನೆ. ಪರದೆಯ ಮೇಲಿನ ಸದ್ದಿನ ಪಟ್ಟಿ ಒಮ್ಮೆ ಕುಸಿದು ಮತ್ತೆ ಎದ್ದರೆ ಜ್ಯಾಕ್ ಸಡಿಲವಾಗಿದೆ. ಅಲ್ಲಿಗೆ ಆ ಬಾಡಿ ಬೇಡ. ಆಮೇಲೆ ಪರದೆಯನ್ನು ಪೂರ್ತಿ ಮಡಚಿ, ಬಿಡಿಸಿ, ನಡುವೆ ಎಲ್ಲಾದರೂ ಕಪ್ಪಾಗುತ್ತದಾ ನೋಡುವುದು. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್16ಕ್ಕೆ ಕಿರಿದಾಗಿಸಿ ಬಿಳಿ ಗೋಡೆಯ ಫೋಟೋ ತೆಗೆದರೆ ಸೆನ್ಸರ್ ಮೇಲಿನ ಧೂಳು ಚುಕ್ಕೆಯಾಗಿ ಕಾಣುತ್ತದೆ. ಬಾಡಿಯೊಳಗೆ ಸ್ಟೆಬಿಲೈಸೇಶನ್ ಇರುವ ಕೆಲವು ಕ್ಯಾಮೆರಾಗಳನ್ನು ಆಫ್ ಮಾಡಿ ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನುತ್ತದೆ. ಹೆದರಬೇಡಿ, ಅದು ತೇಲುವ ಸೆನ್ಸರ್.

ಲೆನ್ಸಿಗೆ ಮೊಬೈಲಿನ ಟಾರ್ಚು. ಹಿಂದಿನಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳ ಹಾಗೆ ಕಂಡರೆ ಅದು ಫಂಗಸ್. ಚೀಟಿಯಲ್ಲಿ 'ಕಾಬಿ' (ಜಪಾನಿಯಲ್ಲಿ ಬೂಸ್ಟು, ಅಂದರೆ ಇದೇ ಫಂಗಸ್) ಅಂತ ಬರೆದಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಜಪಾನಿನಲ್ಲೂ ಜೂನ್-ಜುಲೈನಲ್ಲಿ ಮಳೆಗಾಲದ ಜಿಗುಟು. ಹಾಗಾಗಿ ಇಲ್ಲಿ ಲೆನ್ಸುಗಳನ್ನು ಡ್ರೈ ಬಾಕ್ಸ್‌ನಲ್ಲಿ ಇಡುವ ರೂಢಿ ಇದೆ. ಸಾಗರದ ಮಳೆಗಾಲದಲ್ಲಿ ಅದಿಲ್ಲದೆ ಒಳ್ಳೆಯ ಲೆನ್ಸು ಉಳಿಯುವುದು ಕಷ್ಟ. ಚರ್ಮದ ಬ್ಯಾಗಿನೊಳಗೆ, ಗಾದ್ರೆಜ್ ಬೀರುವಿನಲ್ಲಿ ಭದ್ರವಾಗಿಟ್ಟರೆ ಫಂಗಸ್ಸಿಗೆ ಹಬ್ಬ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್ ಸಾಕು. ಮುಳ್ಳು 40ರಿಂದ 50 ಪರ್ಸೆಂಟಿನ ನಡುವೆ ಇರಲಿ.

ಕರೆಂಟಿನ ಒಂದು ವಿಷಯ ಹೇಳಲೇಬೇಕು. ಜಪಾನಿನಲ್ಲಿ ಎರಡು ಥರದ ಕರೆಂಟು. ಟೋಕಿಯೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯ ಎಇಜಿ ಕಂಪನಿಯ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದ ಜಿಇ ಕಂಪನಿಯದು ತರಿಸಿದರು. ಅದು ಇವತ್ತಿಗೂ ಒಂದಾಗಿಲ್ಲ. ನಮ್ಮಲ್ಲಿ ಎಲ್ಲ ಕಡೆ 50. ಅಂದರೆ ಕರೆಂಟು ಸೆಕೆಂಡಿಗೆ 50 ಸುತ್ತು; ಸುತ್ತಿಗೆ ಎರಡರಂತೆ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ ವೇಗ (ವಿಡಿಯೋದಲ್ಲಿ ಪ್ರತಿ ಫ್ರೇಮಿಗೆ ಸೆನ್ಸರ್ ಬೆಳಕು ಹಿಡಿಯುವ ಅವಧಿ) 1/60 ಸೆಕೆಂಡಿನಲ್ಲಿ ಇದ್ದರೆ ಆ ಮಿನುಗಿಗೂ ಅದಕ್ಕೂ ಹೊಂದದೆ ವಿಡಿಯೋದಲ್ಲಿ ಪಟ್ಟೆಗಳು ಸರಿದಾಡುತ್ತವೆ. ಊರಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ಝಡ್50ರಲ್ಲಿ 24, 25, 30 ಮೂರೂ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ರಂಗಸ್ಥಳದ ಅಗ್ಗದ ಎಲ್‌ಇಡಿಗಳು ಈ ಲೆಕ್ಕಕ್ಕೂ ಸಿಗದಿರಬಹುದು. ಆಗ ಆಟ ಶುರುವಾಗುವ ಮೊದಲೇ ಶಟರ್ ಅಷ್ಟಿಷ್ಟು ಬದಲಿಸಿ ಪಟ್ಟೆ ಎಲ್ಲಿ ಮಾಯವಾಗುತ್ತದೆ ನೋಡಿಕೊಳ್ಳಬೇಕು.

ಮೈಕಿಗೆ ದುಡ್ಡು ಎತ್ತಿಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ. ಇನ್ನೂ ಒಳ್ಳೆಯ ಬಾಡಿ ಬೇಕು ಅನ್ನುತ್ತಾರೆ. ಚಂಡೆ ಬಿದ್ದಾಗ ಏನಾಗುತ್ತದೆ ಕೇಳಿ. ಸದ್ದು ಆಟೋದಲ್ಲಿ ಇದ್ದರೆ ಕ್ಯಾಮೆರಾ ಗಾಬರಿಯಾಗಿ ಲೆವೆಲ್ ಇಳಿಸುತ್ತದೆ, ಅದರ ಜೊತೆ ಭಾಗವತರ ದನಿಯೂ ಮುಳುಗುತ್ತದೆ. ಮತ್ತೆ ಏಳುವಷ್ಟರಲ್ಲಿ ಪದ್ಯದ ಒಂದು ಸಾಲು ಹೋಯಿತು. ಲೆವೆಲ್ ಮ್ಯಾನುಯಲ್‌ಗೆ ಹಾಕಿ, ಚಂಡೆಯ ಜೋರಿಗೆ ಕೆಂಪು ಮುಟ್ಟದ ಹಾಗೆ ಇಳಿಸಿಡಬೇಕು. ಮಸುಕು ಚಿತ್ರವನ್ನು ಜನ ಸಹಿಸುತ್ತಾರೆ, ಒಡೆದ ಸದ್ದನ್ನು ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಬಾಡಿ, ಲೆನ್ಸಿಗೆ ಬಜೆಟ್ಟಿನ ಮುಕ್ಕಾಲು ಸಾಕು. ಉಳಿದದ್ದು ಮೈಕ್, ಇನ್ನೊಂದು ಬ್ಯಾಟರಿ, ನಂಬಿಕಸ್ಥ ಕಾರ್ಡಿಗೆ.

ನಮ್ಮದು ಮೈಕ್ ಸೇರಿದಾಗ ಲಕ್ಷ ಯೆನ್ ದಾಟಿತು. ದಾಟಿದ್ದು ಮಾವನ ಖಾತೆಗೆ.

ತೆರಿಗೆ ಬಗ್ಗೆ ಕೇಳುವವರಿಗೆ: ಇಲ್ಲಿ 10 ಪರ್ಸೆಂಟ್ ತೆರಿಗೆ. ಪ್ರವಾಸಕ್ಕೆ ಬಂದವರಿಗೆ ವಿನಾಯಿತಿ ಇದೆ, ದೊಡ್ಡ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲೂ ಸಿಗುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು. ನನ್ನ ಹಾಗೆ ಇಲ್ಲೇ ಇರುವವರಿಗೆ ಇಲ್ಲ. 2026ರ ನವೆಂಬರ್ 1ರಿಂದ ಪದ್ಧತಿ ಬದಲು: ಮೊದಲು ತೆರಿಗೆ ಸೇರಿಸಿ ಕೊಡಬೇಕು, ದೇಶ ಬಿಡುವಾಗ ವಾಪಸ್ ಪಡೆಯಬೇಕು. ಇಲ್ಲಿ ಕರೆಂಟು 100 ವೋಲ್ಟ್. ಆದರೆ ಕ್ಯಾಮೆರಾ ಚಾರ್ಜರ್‌ಗಳು ಸಾಮಾನ್ಯವಾಗಿ 240ರವರೆಗೂ ತಡೆಯುತ್ತವೆ; ಚಾರ್ಜರ್ ಹಿಂದೆ ಬರೆದಿರುತ್ತದೆ, ಓದಿಕೊಳ್ಳಿ. ಚಪ್ಪಟೆ ಪಿನ್ನಿಗೆ ಅಡಾಪ್ಟರ್ ಒಂದು ಬೇಕು. ಬಿಡಿ ಬ್ಯಾಟರಿಗಳನ್ನು ಸೂಟ್‌ಕೇಸಿಗೆ ಹಾಕಬೇಡಿ, ವಿಮಾನದಲ್ಲಿ ಅವು ಕೈಚೀಲದಲ್ಲೇ ಬರಬೇಕು. ತುದಿಗಳಿಗೆ ಟೇಪ್ ಅಂಟಿಸಿ.